ಗುರುವಾರದ ಚಾಕು

ಹೋದ ವಾರ ನಮ್ಮ ಕಡೆ ಹಿಮ ಬಿತ್ತು. ನಮ್ಮ ಕಡೆ ಅಂದರೆ ವಾಷಿಂಗ್ಟನ್ ರಾಜ್ಯದ ನಾರ್ತ್ ಕ್ರೀಕ್ ಕಡೆ. ಇಲ್ಲಿ ಹಿಮ ವರ್ಷಕ್ಕೊಂದೆರಡು ಸಲ ಬಂದರೆ ಹೆಚ್ಚು. ಬರುತ್ತದೆಂದು ಗೊತ್ತಾದ ಕೂಡಲೇ ಜನ ಅಂಗಡಿಗೆ ಓಡಿ ಹಾಲು, ಬ್ರೆಡ್ಡು, ಮೇಣದಬತ್ತಿ ತಂದಿಟ್ಟುಕೊಂಡು ಒಳಗೆ ಕೂತುಬಿಡುತ್ತಾರೆ. ನಾನೂ ಕೂತೆ. ಒಬ್ಬಳೇ ಇರುವವಳಿಗೆ ಒಂದು ಅನುಕೂಲವಿದೆ, ಒಂದು ಬ್ರೆಡ್ಡು ನಾಲ್ಕು ದಿನ ಬರುತ್ತದೆ. ಆದರೆ ಕಸ ಕಾಯುವುದಿಲ್ಲ. ಮೂರನೆಯ ದಿನ ಚೀಲ ಹೊರಗೆ ಹಾಕಲೇಬೇಕಾಯಿತು. ದಿನಾ ಹಾಕಿಕೊಳ್ಳುವ ಜಾಕೆಟ್ ಒಗೆಯಲು ಬಿದ್ದಿತ್ತು. ಬಟ್ಟೆ ಕಪಾಟಿನ ಮೂಲೆಗೆ ಕೈ ಹಾಕಿ, ಐದು ವರ್ಷದಿಂದ ಮುಟ್ಟದ ಕಂದು ಬಣ್ಣದ ಕೋಟನ್ನು ಎಳೆದೆ. ಅದನ್ನೇ ಎಳೆಯುತ್ತಿದ್ದೇನೆಂದು ಎಳೆಯುವಾಗ ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನೀವು ನಂಬಬೇಕಾಗಿಲ್ಲ.

ಬಲಗಡೆಯ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ತೆರೆದ ತಕ್ಷಣ ವಾಸನೆ ಬಂತು. ಮಳೆಯಲ್ಲಿ ನೆನೆದ ಕಿಟಕಿ ಸರಳನ್ನು ಹಿಡಿದು ಬಹಳ ಹೊತ್ತು ನಿಂತರೆ ಅಂಗೈಗೆ ಒಂದು ವಾಸನೆ ಅಂಟಿಕೊಳ್ಳುತ್ತದಲ್ಲ, ಅದೇ. ಒಳಗಿದ್ದದ್ದು ಒಂದು ಮಡಿಚುವ ಚಾಕು. ಮಡಿಚಿದಾಗ ನನ್ನ ಮಧ್ಯದ ಬೆರಳಿಗಿಂತ ತುಸು ಉದ್ದ. ಬೀಟೆ ಮರದ ಹಿಡಿ, ಎರಡು ಹಿತ್ತಾಳೆ ಮೊಳೆ, ಒಂದೇ ಅಲಗು. ತೆರೆಯಲು ನೋಡಿದೆ. ಆಗಲಿಲ್ಲ. ಅಲಗು, ಸ್ಪ್ರಿಂಗು, ಕೀಲು ಎಲ್ಲ ತುಕ್ಕು ಹಿಡಿದು ಒಂದೇ ಗಟ್ಟಿಯಾಗಿತ್ತು. ಕಸದ ಚೀಲ ಬಾಗಿಲ ಬಳಿಯೇ ಉಳಿಯಿತು. ನಾನು ಕೋಟು ಹಾಕಿಕೊಂಡೇ ನೆಲದ ಮೇಲೆ ಕೂತೆ.

ಚಾಕು ನನ್ನ ಹುಚ್ಚಲ್ಲ, ಅನ್ವರ್ ಭಾಯ್ ಹುಚ್ಚು. ನನಗೆ ಅಂಟಿದ್ದು ಅವರಿಂದ.

ನಾನು ಈ ಊರಿನ ಕಂಪನಿಗೆ ಬಂದ ಹೊಸತರಲ್ಲಿ ನಮ್ಮ ಕಟ್ಟಡದಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲವೆಂದುಕೊಂಡಿದ್ದೆ. ತೆಲುಗು ಕಲಿತೆ, ಅರ್ಧ ಹಿಂದಿ ಕಲಿತೆ. ಒಂದು ದಿನ ಊಟದ ಕೋಣೆಯಲ್ಲಿ ಫೋನಿನಲ್ಲಿ ನಮ್ಮಮ್ಮನ ಮೇಲೆ ರೇಗುತ್ತಿದ್ದೆ. ಹಿಂದಿನಿಂದ ಯಾರೋ, "ಅಮ್ಮನ ಹತ್ರ ಹಂಗೆಲ್ಲ ಮಾತಾಡ್ಬೇಡ್ರೀ, ಆಮೇಲೆ ಊಟ ರುಚಿಸಲ್ಲ" ಅಂದರು. ತಿರುಗಿ ನೋಡಿದರೆ ಐವತ್ತು ದಾಟಿದ, ಗಡ್ಡಕ್ಕೆ ಅಲ್ಲಲ್ಲಿ ಬಿಳಿ ಹತ್ತಿದ ಒಬ್ಬರು, ಕೈಯಲ್ಲಿ ಸೇಬು ಹಿಡಿದು ನಿಂತಿದ್ದಾರೆ. ಅವರೇ ಅನ್ವರ್ ಭಾಯ್, ಮೈಸೂರಿನ ಮಂಡಿ ಮೊಹಲ್ಲಾದವರು, ಹಾರ್ಡ್‌ವೇರ್ ವಿಭಾಗದಲ್ಲಿ ಇಂಜಿನಿಯರು. ಅವರ ಮನೆಮಾತು ಉರ್ದು, ನನ್ನದು ಕನ್ನಡ. ಆದರೆ ಅವರ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು. ನನ್ನದು ಬೆಂಗಳೂರಿನಲ್ಲಿ ಅರ್ಧ ಕರಗಿ ಹೋಗಿತ್ತು.

ಅಂದಿನಿಂದ ಊಟದ ಹೊತ್ತಿಗೆ ನಾವಿಬ್ಬರೂ ಕಟ್ಟಡದ ಹಿಂದಿನ ತೊರೆಯ ಪಕ್ಕದ ಬೆಂಚಿಗೆ ಹೋಗತೊಡಗಿದೆವು. ಅವರು ಜೇಬಿನಿಂದ ಚಾಕು ತೆಗೆದು, ಹೆಬ್ಬೆರಳಿನ ಉಗುರನ್ನು ಅಲಗಿನ ಗೀರಿಗೆ ಸಿಕ್ಕಿಸಿ, ಟಕ್ ಎಂದು ತೆರೆದು, ಸೇಬನ್ನು ಎಂಟು ಹೋಳು ಮಾಡುತ್ತಿದ್ದರು. ಪೊಟ್ಟಣದಿಂದ ಉಪ್ಪು ಖಾರದಪುಡಿ ಉದುರಿಸುತ್ತಿದ್ದರು. ಮೈಸೂರಿನಲ್ಲಿ ಸೀಬೆಹಣ್ಣಿಗೆ ಮಾಡುವುದನ್ನು ವಾಷಿಂಗ್ಟನ್ ಸೇಬಿಗೆ ಮಾಡಿದರೆ ಅದು ತುಸು ಗಾಬರಿಯಾಗುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ.

ಅವರ ಹತ್ತಿರ ಐದು ಚಾಕುಗಳಿದ್ದವು. ಐದೂ ಇಂಗ್ಲೆಂಡಿನ ಶೆಫೀಲ್ಡ್‌ನವು, ಐದೂ ಅವರಿಗಿಂತ ಹಳೆಯವು. ಸೋಮವಾರಕ್ಕೆ ಮೂಳೆಯ ಹಿಡಿಯದು. ಮಂಗಳವಾರಕ್ಕೆ ಎಮ್ಮೆ ಕೊಂಬಿನದು. ಬುಧವಾರಕ್ಕೆ, ಹಿಂದೆ ಹಕ್ಕಿಗರಿಯ ಲೇಖನಿ ಕೆತ್ತಲು ಬಳಸುತ್ತಿದ್ದಂಥ ಪುಟ್ಟ ಚಾಕು. ಗುರುವಾರಕ್ಕೆ ಬೀಟೆ ಮರದ ಹಿಡಿಯದು, ಶುಕ್ರವಾರಕ್ಕೆ ಜಿಂಕೆ ಕೊಂಬಿನದು. ಶನಿವಾರ ಭಾನುವಾರ ಎಲ್ಲವೂ ಮನೆಯಲ್ಲೇ, ಸಾಣೆಗೆ, ಎಣ್ಣೆಗೆ. ಆ ಎಣ್ಣೆಯನ್ನು ಅವರು ತರುತ್ತಿದ್ದದ್ದು ಔಷಧಿ ಅಂಗಡಿಯಿಂದ. ಮಲಬದ್ಧತೆಗೆ ಕುಡಿಯುವ ಎಣ್ಣೆ ಅದು. "ಇದೇ ಬೆಸ್ಟು, ವಾಸನೆ ಇಲ್ಲ, ಹಣ್ಣಿಗೆ ತಾಕಿದ್ರೂ ತೊಂದ್ರೆ ಇಲ್ಲ. ಆದ್ರೆ ಕೌಂಟರ್‌ನಲ್ಲಿರೋ ಹುಡುಗಿ ಪ್ರತಿ ಸಲ ಪಾಪ ಅನ್ನೋ ಥರ ನೋಡ್ತಾಳೆ" ಎನ್ನುತ್ತಿದ್ದರು.

"ಇಷ್ಟು ಹಳೇದನ್ನ ಗಾಜಿನ ಪೆಟ್ಟಿಗೇಲಿ ಇಡಬಾರ್ದಾ?" ಎಂದು ನಾನೊಮ್ಮೆ ಕೇಳಿದ್ದೆ.

"ಇಟ್ರೆ ತುಕ್ಕು ಹಿಡಿಯುತ್ತೆ. ಇದು ಹಳೇ ಕಾಲದ ಉಕ್ಕು ಕಣ್ರೀ, ದಿನಾ ಕೈಗೆ ಸಿಗ್ಬೇಕು ಇದಕ್ಕೆ. ಮನುಷ್ಯರ ಥರಾನೇ." ಮನುಷ್ಯರ ಥರಾನೇ ಎನ್ನುವುದನ್ನು ಅವರು ಎಲ್ಲದಕ್ಕೂ ಹೇಳುತ್ತಿದ್ದರು, ಪ್ರಿಂಟರಿಗೂ.

ಹುಳಿ ಹಣ್ಣು ಕುಯ್ದು ಕುಯ್ದು ಆ ಅಲಗುಗಳಿಗೆ ಒಂದು ಬೂದು ನೀಲಿ ಬಣ್ಣ ಬಂದಿತ್ತು. ಕೊಳೆಯಲ್ಲ, ಕಾಪು ಎನ್ನುತ್ತಿದ್ದರು. ಗುರುವಾರದ ಚಾಕುವಿನ ಬಗ್ಗೆಯಂತೂ ಅವರಿಗೆ ವಿಶೇಷ ಅಭಿಮಾನ. ಅದರ ಅಲಗಿಗೆ ಮೊನೆಯಿಲ್ಲ, ಅಂಚು ರೂಲು ದೊಣ್ಣೆಯಂತೆ ನೇರ. ಕುರಿಮರಿಯ ಪಾದ ಎಂದು ಅದರ ಆಕಾರಕ್ಕೆ ಹೆಸರು. ಅವರ ಅಭಿಮಾನ ಮಾತ್ರ ಹಿಡಿಯ ಮರದ್ದು. "ಇದು ನಮ್ಮ ಕಡೆ ಬೀಟೆ. ಮೈಸೂರು ಕಾಡಿನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದಿದೆ. ನೋಡಿ, ನನಗಿಂತ ಜಾಸ್ತಿ ಸುತ್ತಿದೆ." ಪುರಾವೆ ಏನು ಎಂದರೆ ಮೂಗಿನ ಹತ್ತಿರ ಹಿಡಿದು, "ಮೂಸಿ ನೋಡಿ" ಎನ್ನುತ್ತಿದ್ದರು. ಎಣ್ಣೆ, ಸೇಬು, ಖಾರದಪುಡಿ ಬಿಟ್ಟು ಬೇರೆ ವಾಸನೆ ನನಗೆ ಬಂದದ್ದಿಲ್ಲ. ಆದರೂ ತಲೆಯಾಡಿಸುತ್ತಿದ್ದೆ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯ ಬಂತು. ನಮ್ಮ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳವಾಗುತ್ತದೆ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಚಿಕ್ಕಂದಿನಲ್ಲಿ ತರಕಾರಿ ಹೆಚ್ಚುತ್ತಿದ್ದ ಅಮ್ಮನಿಗೆ ಮರೆತು ಕೈಗೇ ಕೊಟ್ಟರೆ ಅವಳು ಕೈ ಹಿಂದಕ್ಕೆಳೆದುಕೊಂಡು, "ಕೆಳಗಿಡೇ!" ಎನ್ನುತ್ತಿದ್ದಳು. ಎಂಜಿನಿಯರಿಂಗ್ ಓದಿದೆ, ದೇಶ ಬಿಟ್ಟೆ, ಮಂಗಳವಾರ ಉಗುರು ಕತ್ತರಿಸತೊಡಗಿದೆ. ಇದೊಂದು ಮಾತ್ರ ಕೈಯಿಂದ ಹೋಗಲಿಲ್ಲ.

ಮೊದಲ ದಿನವೇ ಅನ್ವರ್ ಭಾಯ್ ಚಾಕು ಚಾಚಿದಾಗ ನಾನು ಕೈ ಹಿಂದಕ್ಕೆಳೆದುಕೊಂಡೆ. ಕಾರಣ ಹೇಳಿದೆ. ಅವರು ಜೋರಾಗಿ ನಕ್ಕರು. "ನಮ್ಮ ಅಮ್ಮಿ ಉಪ್ಪಿಗೆ ಹಿಂಗೇ ಹೇಳ್ತಿದ್ರು. ಚಾಕುಗೂ ಇದೆಯಾ? ಆಯ್ತು ಬಿಡಿ, ನಿಮ್ಮ ಹತ್ರ ಜಗಳ ಆಡೋ ಶಕ್ತಿ ನನಗಿಲ್ಲ" ಎಂದು ಚಾಕುವನ್ನು ಬೆಂಚಿನ ಮೇಲೆ, ನಮ್ಮಿಬ್ಬರ ನಡುವೆ, ಇಟ್ಟರು. ನಾನು ಎತ್ತಿಕೊಂಡೆ. ಅಂದಿನಿಂದ ಅದು ನಮ್ಮ ಪದ್ಧತಿಯಾಯಿತು. ಎರಡು ವರ್ಷ ಹಾಗೇ ನಡೆಯಿತು. ನಾವು ಒಂದು ದಿನವೂ ಜಗಳವಾಡಲಿಲ್ಲ.

ಒಂದು ಗುರುವಾರ ಅವರು ಬೀಟೆ ಹಿಡಿಯ ಚಾಕುವನ್ನು ಬೆಂಚಿನ ಮೇಲಿಟ್ಟು, "ಇದು ಇನ್ಮೇಲೆ ನಿಮ್ಮದು" ಅಂದರು. ನಾನು ಬೇಡವೆಂದೆ. "ಮೀಟಿಂಗು ಮೀಟಿಂಗು ಅಂತ ವಾರದಲ್ಲಿ ಮೂರು ದಿನ ತಪ್ಪಿಸ್ತೀರಿ. ಗುರುವಾರ ನನ್ನ ಹತ್ರ ಚಾಕು ಇರಲ್ಲ. ನೀವು ಬರಲಿಲ್ಲ ಅಂದ್ರೆ ನಾನು ಸೇಬನ್ನ ಕಚ್ಚಿ ತಿನ್ಬೇಕು. ಮುದುಕ, ಹಲ್ಲು ಸಡಿಲ. ನಿಮಗೆ ಪಾಪ ಬರುತ್ತೆ." ಆಮೇಲೆ ಒಂದು ನಾಣ್ಯ ಕೇಳಿದರು. ಇಂಗ್ಲಿಷರ ಪ್ರಕಾರ ಚಾಕುವನ್ನು ಪುಕ್ಕಟೆ ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದಂತೆ, ಹಾಗಾಗಿ ಒಂದು ಕಾಸಿಗೆ ಮಾರಿದಂತೆ ಮಾಡಬೇಕಂತೆ. ಪರ್ಸಿನ ತಳದಲ್ಲಿ ಒಂದು ಪೆನ್ನಿ ಸಿಕ್ಕಿತು. ಅದನ್ನು ಅವರು ಚಾಕುಗಳನ್ನಿಡುವ ಬಿಸ್ಕತ್ತು ಡಬ್ಬಿಯ ಮುಚ್ಚಳದ ಒಳಗೆ ಟೇಪಿನಿಂದ ಅಂಟಿಸಿದರು.

ಚಾಕು ಸಿಕ್ಕ ಮೇಲೆ ನನಗೆ ಎರಡು ತೊಂದರೆಗಳಾದವು. ಒಂದು, ಹೆಂಗಸರ ಬಟ್ಟೆಗೆ ಜೇಬು ಹೊಲಿಯುವವರು ಚಾಕು ಹೋಗಲಿ, ಒಂದು ನೆಗ್ಗಿಲ ಮುಳ್ಳೂ ಹಿಡಿಸದಂತೆ ಹೊಲಿಯುತ್ತಾರೆ. ಅದಕ್ಕೇ ಆ ಕಂದು ಕೋಟು ಕೊಂಡೆ, ಗಂಡಸರ ವಿಭಾಗದಿಂದ. ಎರಡನೆಯದು ಉಗುರು. ಬೆನ್ನಿನ ಸ್ಪ್ರಿಂಗ್ ಅಷ್ಟು ಬಿಗಿ, ಉಗುರಿಲ್ಲದೆ ಅಲಗು ಎದ್ದೇಳುವುದಿಲ್ಲ. ಬಲಗೈಯ ಹೆಬ್ಬೆರಳಿನದೊಂದನ್ನು ಕತ್ತರಿಸದೆ ಬಿಟ್ಟೆ. ಆಫೀಸಿನಲ್ಲಿ ಒಬ್ಬಳು, ಗಿಟಾರ್ ಕಲೀತಿದ್ದೀಯಾ ಎಂದು ಕೇಳಿದಳು. ಹೌದೆಂದೆ.

ಆ ಶನಿವಾರದ ಬೆಳಗ್ಗೆಯ ಬಗ್ಗೆ ಬರೆಯಲು ಇಷ್ಟು ಸುತ್ತು ಹೊಡೆದೆ.

ಇಸ್ಸಾಕ್ವಾದ ಗುಡ್ಡದ ಮೇಲಿನ ಬಡಾವಣೆಯಲ್ಲಿ ತೀರಿಕೊಂಡ ಒಬ್ಬರ ಮನೆಯ ಸಾಮಾನು ಮಾರಾಟಕ್ಕಿತ್ತು. ಪಟ್ಟಿಯಲ್ಲಿ ಹಳೆಯ ಇಂಗ್ಲಿಷ್ ಚಾಕುಗಳ ಒಂದು ಪೆಟ್ಟಿಗೆಯ ಚಿತ್ರವನ್ನು ನೋಡಿದವಳು ನಾನು. ರಾತ್ರಿ ಒಂದಿಂಚು ಹಿಮ ಬಿದ್ದಿತ್ತು. ಅನ್ವರ್ ಭಾಯ್ ಫೋನ್ ಮಾಡಿ, "ಮಧ್ಯಾಹ್ನ ಹೋಗೋಣ್ವಾ? ನಸೀಮಾ ಬೇಡ ಅಂತಿದ್ದಾಳೆ" ಅಂದರು. ನಸೀಮಾ ಆಪಾ ಅವರ ಹೆಂಡತಿ. "ಮಧ್ಯಾಹ್ನಕ್ಕೆ ಖಾಲಿ ಆಗಿರುತ್ತೆ ಭಾಯ್, ಒಂದಿಂಚು ಹಿಮಕ್ಕೆ ಹೆದರ್ತೀರಾ?" ಎಂದೆ ನಾನು. ಈ ವಾಕ್ಯವನ್ನು ಐದು ವರ್ಷದಿಂದ ನನ್ನದೇ ದನಿಯಲ್ಲಿ ಕೇಳುತ್ತಿದ್ದೇನೆ.

ಗುಡ್ಡದ ಎರಡನೆಯ ತಿರುವಿನಲ್ಲಿ ಅವರು ಓಡಿಸುತ್ತಿದ್ದ ಕಾರು ಜಾರಿತು. ಸದ್ದೇ ಇರಲಿಲ್ಲ. ನಿಧಾನವಾಗಿ, ಯಾರೋ ಪಕ್ಕಕ್ಕೆ ಸರಿಸಿದ ಹಾಗೆ, ಅಂಚಿಗೆ ಹೋಗಿ ಚರಂಡಿಗೆ ಮಗುಚಿಕೊಂಡಿತು. ಕಾರಿನ ಚಾವಣಿ ನೆಲವಾಯಿತು. ನನ್ನ ಸೀಟ್ ಬೆಲ್ಟ್ ಗುಂಡಿ ಒತ್ತಿದ ಕೂಡಲೇ ಬಿಟ್ಟುಕೊಂಡಿತು, ಭುಜದ ಮೇಲೆ ಬಿದ್ದೆ. ಅವರದು ಬಿಡಲಿಲ್ಲ. ಅವರು ಒತ್ತಿದರು, ನಾನೂ ಒತ್ತಿದೆ. ಮೈಭಾರವೆಲ್ಲ ಅದರ ಮೇಲೆ ಬಿದ್ದು ಗುಂಡಿ ಕಚ್ಚಿಕೊಂಡಿತ್ತು. ಅವರು ತಲೆಕೆಳಗಾಗಿ ನೇತಾಡುತ್ತಿದ್ದರು. ಅವರ ಕಡೆಯ ಕಿಟಕಿ ಒಡೆದು ಚರಂಡಿಯ ಕೆಸರು ನೀರು ಒಳಗೆ ಬರುತ್ತಿತ್ತು. ಮೊದಲು ಅವರ ಕೂದಲು ನೆನೆಯಿತು, ಆಮೇಲೆ ಹಣೆ.

"ಚಾಕು" ಅಂದರು. ದನಿ ಶಾಂತವಾಗಿಯೇ ಇತ್ತು. "ನಿಮ್ಮ ಚಾಕು ಕೊಡಿ." ಬಲಗೈ ಚಾಚಿದರು.

ಜೇಬಿನಿಂದ ತೆಗೆದೆ. ಉಗುರು ಸಿಕ್ಕಿಸಿ ತೆರೆದೆ, ಒಂದೇ ಸಲಕ್ಕೆ, ಟಕ್ ಎಂದು. ಅವರ ತೆರೆದ ಅಂಗೈ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಚಾಕುವನ್ನು ಅವರ ಕೈಯ ಪಕ್ಕದಲ್ಲಿ ಕೆಳಗಿಟ್ಟೆ.

ಕೆಳಗೆ ಅಂದರೆ ಚಾವಣಿಯ ಬಟ್ಟೆ. ಅದು ಅವರ ಕಡೆಗೆ ಇಳಿಜಾರಾಗಿತ್ತು. ಚಾಕು ಮೆಲ್ಲಗೆ ಜಾರಿ ನೀರಿನೊಳಗೆ ಹೋಯಿತು.

ನಾನೇ ಬೆಲ್ಟ್ ಕುಯ್ಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳುತ್ತೇನೆ. ಕೆಂಪು ಸಿಗ್ನಲ್‌ನಲ್ಲಿ ನಿಂತಾಗ, ಹಲ್ಲುಜ್ಜುವಾಗ, ಅಂಗಡಿಯಲ್ಲಿ ಸೇಬು ಆರಿಸುವಾಗ ಕೇಳುತ್ತೇನೆ. ಆ ಚಿತ್ರವನ್ನು ಎಷ್ಟು ಸಲ ಓಡಿಸಿದ್ದೇನೆಂದರೆ ಒಂದೊಂದು ಸಲ ಚಾಕು ಅವರ ಅಂಗೈಗೆ ಹೋಗಿ ಕೂರುತ್ತದೆ. ಆಗ ಒಂದು ಕ್ಷಣ ಮೈ ಹಗುರಾಗುತ್ತದೆ. ಆಮೇಲೆ ಮತ್ತೆ ಜಾರುತ್ತದೆ. ಕೈಗೆ ಬುದ್ಧಿ ಇರುವುದಿಲ್ಲ, ಅದಕ್ಕೆ ರೂಢಿ ಮಾತ್ರ ಇರುತ್ತದೆ ಎಂದು ಬರೆದರೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಅದು ನನ್ನ ಕೈ.

ನೀರಿನೊಳಗೆ ತಡಕಾಡಿದ್ದು ನೆನಪಿದೆ. ಚಳಿಗೆ ಬೆರಳುಗಳು ಯಾರದೋ ಆಗಿದ್ದವು. ಅವರು ಒಂದು ಸಲ ಕೆಮ್ಮಿದರು, ಆಮೇಲೆ ಕೆಮ್ಮಲಿಲ್ಲ. ಯಾರೋ ನನ್ನ ಕಡೆಯ ಬಾಗಿಲು ಎಳೆದು ತೆಗೆದರು. ನಾಯಿಯನ್ನು ತಿರುಗಾಡಿಸಲು ಹೊರಟಿದ್ದ, ರಸ್ತೆ ಪಕ್ಕದ ಮನೆಯ ಮನುಷ್ಯ. ಅವನ ಕೀಲಿಕೈ ಗೊಂಚಲಿನಲ್ಲಿ ಒಳಗೆ ಬ್ಲೇಡಿರುವ ಒಂದು ಪ್ಲಾಸ್ಟಿಕ್ ಕೊಕ್ಕೆಯಂಥದ್ದಿತ್ತು, ಕಿತ್ತಳೆ ಬಣ್ಣದ್ದು, ಪೆಟ್ರೋಲ್ ಬಂಕಿನಲ್ಲಿ ಮಾರುವಂಥದು. ಅದರಲ್ಲಿ ಒಂದೇ ಎಳೆತಕ್ಕೆ ಬೆಲ್ಟ್ ತುಂಡಾಯಿತು.

ಅನ್ವರ್ ಭಾಯ್ ಉಳಿದರು. ಶ್ವಾಸಕೋಶಕ್ಕೆ ಕೊಳಕು ನೀರು ಹೋಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಅಗ್ನಿಶಾಮಕದವನೊಬ್ಬ ಕಾರಿನೊಳಗಿಂದ ಚಾಕುವನ್ನು ಹುಡುಕಿ ತೆಗೆದು, ಮಡಿಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಿಮ್ಮದೇ ಎಂದು ಕೇಳಿ ನನ್ನ ಕೈಗೆ ಕೊಟ್ಟ. ಕೈಗೇ ಕೊಟ್ಟ. ನಾನು ತಗೊಂಡೆ.

ಆಸ್ಪತ್ರೆಗೆ ಎರಡು ಸಲ ಹೋದೆ. ಮೊದಲ ಸಲ ಅವರು ಮಲಗಿದ್ದರು. ಎರಡನೆಯ ಸಲ ಮೂಗಿನ ಕೊಳವೆಯೊಂದಿಗೇ, "ಆ ಪೆಟ್ಟಿಗೆ ಯಾರು ಹೊಡ್ಕೊಂಡ್ ಹೋದ್ರಂತೆ?" ಅಂದರು. ನಗಲು ಹೋಗಿ ಕೆಮ್ಮಿದರು. ನಸೀಮಾ ಆಪಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು, "ಊಟ ಆಯ್ತಾ?" ಎಂದಷ್ಟೇ ಕೇಳಿದರು. ಇಬ್ಬರೂ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅತ್ತುಬಿಡುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ. ಆ ಚಹಾ ಕುಡಿದು ಹೊರಗೆ ಬಂದವಳು ಮತ್ತೆ ಹೋಗಲಿಲ್ಲ.

ಅವರು ಕೆಲಸಕ್ಕೆ ಮರಳಿದಾಗ ನನಗೆ ಪ್ರತಿ ಮಧ್ಯಾಹ್ನ ಮೀಟಿಂಗ್ ಇರುತ್ತಿತ್ತು. ಕಿಟಕಿಯಿಂದ ಬೆಂಚು ಕಾಣುತ್ತಿತ್ತು. ಅವರು ಕೆಲವು ವಾರ ಒಬ್ಬರೇ ಹೋಗಿ ಕೂತರು. ಒಂದು ಗುರುವಾರ ಸೇಬನ್ನು ಕಚ್ಚಿ ತಿನ್ನುತ್ತಿದ್ದದ್ದನ್ನು ಕಂಡು ಪರದೆ ಎಳೆದೆ. ಮುಂದಿನ ವರ್ಷ ಅವರು ಕಂಪನಿ ಬಿಟ್ಟು, ಮನೆಗೆ ಹತ್ತಿರವೆಂದು ಲಿನ್‌ವುಡ್ ಕಡೆ ಕೆಲಸ ಹಿಡಿದರು. ಬೀಳ್ಕೊಡುಗೆಯ ದಿನ ನಾನು ರಜೆ ಹಾಕಿದೆ. ಹೆಬ್ಬೆರಳಿನ ಉಗುರನ್ನು ಬುಡದವರೆಗೆ ಕತ್ತರಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಈ ಐದು ವರ್ಷದಲ್ಲಿ ನಾನು ಗಟ್ಟಿಯಾಗಿ ಕನ್ನಡ ಮಾತಾಡಿದ್ದು ಅಮ್ಮನ ಫೋನಿನಲ್ಲಿ ಮಾತ್ರ. ಅವಳ ಮೇಲೆ ರೇಗುವುದನ್ನೂ ಬಿಟ್ಟಿದ್ದೆ.

ಹಿಮ ಕರಗುವವರೆಗೆ ಕಾದೆ. ಭಾನುವಾರ ಬೆಳಗ್ಗೆ ರಸ್ತೆ ಒಣಗಿದ ಮೇಲೆ ಲಿನ್‌ವುಡ್‌ಗೆ ಹೋದೆ, ಗಂಟೆಗೆ ಮೂವತ್ತು ಮೈಲಿ ವೇಗದಲ್ಲಿ, ಹಿಂದಿನವರೆಲ್ಲ ಹಾರ್ನ್ ಒತ್ತುತ್ತಿರಲು. ಅವರು ಇನ್ನೂ ಅದೇ ಮನೆಯಲ್ಲಿದ್ದರು. ಬಾಗಿಲು ತೆರೆದದ್ದು ಮಗಳು ಸನಾ. ನಾನು ಕಂಡಾಗ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಹುಡುಗಿ, ಈಗ ಕಾಲೇಜು ಸೇರಿದ್ದಾಳೆ. ಒಂದು ಗಳಿಗೆ ನೋಡಿದವಳೇ ಒಳಕ್ಕೆ ತಿರುಗಿ ಅಪ್ಪನನ್ನು ಕೂಗಿದಳು: "ಅಬ್ಬಾ! ನೈಫ್ ಆಂಟಿ ಈಸ್ ಹಿಯರ್!"

ಆ ಮನೆಯಲ್ಲಿ ನನಗೊಂದು ಹೆಸರಿತ್ತು. ಐದು ವರ್ಷದ ಮೇಲೂ ಇತ್ತು.

ಅನ್ವರ್ ಭಾಯ್ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಾನು ಜೇಬಿನಿಂದ ಚಾಕು ತೆಗೆದು, ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲಿಡಲು ಬಗ್ಗಿದೆ.

"ಅಲ್ಲಿ ಬೇಡ" ಅಂದರು. ಅಂಗೈ ಚಾಚಿದರು. "ಕೈಗೆ ಕೊಡ್ರೀ."

ಕೈಗೆ ಕೊಟ್ಟೆ. ನನ್ನ ಬೆರಳು ಅವರ ಅಂಗೈಗೆ ತಾಕಿತು, ಬೆಚ್ಚಗಿತ್ತು. ಅವರು ಬೆಳಕಿಗೆ ಹಿಡಿದು ನೋಡಿ, "ಯಾ ಅಲ್ಲಾ, ಇದನ್ನ ಕೊಂದೇ ಹಾಕಿದ್ದೀರಲ್ರೀ" ಅಂದರು.

"ಭಾಯ್, ಆವತ್ತು ನಾನು ನಿಮ್ಮ ಕೈಗೆ ಕೊಡಲಿಲ್ಲ. ಕೆಳಗಿಟ್ಟೆ."

"ಇಟ್ರೋ, ಎಸೆದ್ರೋ, ನನಗೇನು ಗೊತ್ತು? ಬಾವಲಿ ಥರ ನೇತಾಡ್ತಿದ್ದೆ. ನೀವು ಎರಡೂ ಕೈಯಲ್ಲಿ ನನ್ನ ತಲೆ ಎತ್ತಿ ಹಿಡ್ಕೊಂಡಿದ್ದು ಗೊತ್ತು. ಆಮೇಲೆ ಬಂದಿದ್ದು ಆ ನಾಯಿ ಮನುಷ್ಯ."

ತಲೆ ಎತ್ತಿ ಹಿಡಿದದ್ದು ನನಗೆ ನೆನಪಿಲ್ಲ. ಎಷ್ಟು ಸಲ ಓಡಿಸಿ ನೋಡಿದರೂ ಆ ಚಿತ್ರದಲ್ಲಿ ಅದು ಇಲ್ಲ. ಅವರು ನನಗಾಗಿ ಸುಳ್ಳು ಹೇಳಿರಬಹುದು. ಹಾಗೆ ಹೇಳಬಲ್ಲ ಮನುಷ್ಯರೇ ಅವರು.

ಅಷ್ಟರಲ್ಲಿ ಅಡಿಗೆಮನೆಯಿಂದ ನಸೀಮಾ ಆಪಾ ಬಂದರು. ಕೈಯಲ್ಲಿ ಚಹಾ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಬಂದ್ರಾ? ದಾರಿ ಗೊತ್ತಾಯ್ತಾ? ಒಂದಿಂಚು ಹಿಮಕ್ಕೆ ಹೆದರ್ತೀರಾ ಅಂತ ಕೇಳಿದ್ರಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ, ಕೇಳಿಸ್ಕೊಂಡೆ. ಬೇಡ ಬೇಡ ಅಂದೆ. ಇಬ್ರಿಗೂ ಆ ಕಬ್ಬಿಣದ ತುಂಡೇ ಹೆಚ್ಚಾಯ್ತು. ಸರಿ, ಆಯ್ತು, ಆಗಿದ್ದಾಯ್ತು. ಆಮೇಲೆ? ಇವರು ಗುರುವಾರ ಗುರುವಾರ ಊಟದ ಡಬ್ಬಿ ಹಾಗೇ ವಾಪಸ್ ತರ್ತಿದ್ರು. ಒಂದು ಫೋನ್ ಮಾಡಕ್ಕೆ ನಿಮಗೇನಾಗಿತ್ತು ಧಾಡಿ? ಐದು ವರ್ಷ! ನಾಚಿಕೆ ಆಗಲ್ವಾ ನಿಮಗೆ?"

ಆಗುತ್ತದೆ ಆಪಾ, ಎಂದೆ. ಅವರು ನಿಲ್ಲಿಸಲಿಲ್ಲ. ನನ್ನ ಹಟ, ಗಂಡನ ಹುಚ್ಚು, ಆಸ್ಪತ್ರೆಯ ಹನ್ನೊಂದು ದಿನ, ಎಲ್ಲ ಬಂತು. ನಾನು ಚಪ್ಪಲಿ ಗೂಡಿಗೆ ಒರಗಿ ನಿಂತು, ಬಿಸಿಲಿಗೆ ಬೆನ್ನು ಕೊಟ್ಟವಳ ಹಾಗೆ, ಅಷ್ಟನ್ನೂ ಬೈಸಿಕೊಂಡೆ.

ಅನ್ವರ್ ಭಾಯ್ ನನ್ನ ಕಡೆ ಬಗ್ಗಿ ಮೆಲ್ಲಗೆ, "ನಿಮ್ಮಮ್ಮ ಹೇಳಿದ್ದು ಸರಿ ಕಣ್ರೀ. ಕೈಗೆ ಕೊಟ್ಟು ಎರಡು ನಿಮಿಷ ಆಗಿಲ್ಲ, ಶುರುವಾಯ್ತು ನೋಡಿ" ಅಂದರು.

ನಸೀಮಾ ಆಪಾಗೆ ಅದು ಕೇಳಿಸಿತು. ಭಾಯ್ ಪಾಲಿನ ಬೈಗುಳವೂ ಶುರುವಾಯಿತು.

ಆಮೇಲೆ ಬಿಸ್ಕತ್ತು ಡಬ್ಬಿ ಹೊರಗೆ ಬಂತು. ನಾಲ್ಕು ಚಾಕು, ಮುಚ್ಚಳದ ಒಳಗೆ ಹಳದಿಯಾದ ಟೇಪಿನ ಕೆಳಗೆ ನನ್ನ ಪೆನ್ನಿ. ಅನ್ವರ್ ಭಾಯ್ ಕೀಲಿನ ಮೇಲೆ ಎರಡು ತೊಟ್ಟು ಎಣ್ಣೆ ಬಿಟ್ಟು ಅಲ್ಲಾಡಿಸಿ ನೋಡಿದರು. ಜಗ್ಗಲಿಲ್ಲ. ಒಂದು ಬಟ್ಟಲಿಗೆ ಎಣ್ಣೆ ಸುರಿದು, ಚಾಕುವನ್ನು ಅದರಲ್ಲಿ ಮುಳುಗಿಸಿಟ್ಟರು. "ನಾಲ್ಕು ದಿನ ನೆನೀಲಿ. ಕಪ್ಪು ಹೋಗಲ್ಲ, ಗುಳಿ ಬಿದ್ದಿರುತ್ತೆ. ತೆರೆಯುತ್ತೋ ಇಲ್ವೋ ಗೊತ್ತಿಲ್ಲ. ಗುರುವಾರ ಸಾಯಂಕಾಲ ಬನ್ನಿ, ನೀವೇ ತೆರೀಬೇಕು."

ಇವತ್ತು ಬುಧವಾರ. ಕೋಟು ಕುರ್ಚಿಯ ಬೆನ್ನಿಗಿದೆ, ಅದರ ಜೇಬಿನಲ್ಲಿ ಎರಡು ಸೇಬು ಇಟ್ಟಿದ್ದೇನೆ. ಚಿತ್ರ ಇನ್ನೂ ಓಡುತ್ತದೆ. ನಿನ್ನೆ ಸಿಗ್ನಲ್‌ನಲ್ಲಿ ಓಡಿತು, ಚಾಕು ಜಾರಿತು, ಅಲ್ಲಿ ನನ್ನ ಎರಡು ಕೈಗಳನ್ನು ಹುಡುಕಿದೆ, ಕಾಣಲಿಲ್ಲ. ನಾಳೆ ಆ ಅಲಗು ಎದ್ದೇಳುತ್ತದೆಯೋ ಇಲ್ಲವೋ ನನಗೂ ತಿಳಿಯದು. ನಿನ್ನೆ ಮಂಗಳವಾರ ಉಗುರು ಕತ್ತರಿಸಲು ಕೂತಿದ್ದೆ. ಒಂಬತ್ತು ಬೆರಳು ಮುಗಿಸಿ ಎದ್ದುಬಿಟ್ಟೆ.